ಕೊನೆಯ ಕಂಬ

ನಮ್ಮ ಪುರಸಭೆ ಎಲ್ಲಿಗೆ ಮುಗಿಯುತ್ತದೆ ಅಂತ ಕೇಳಿದರೆ
ಕಚೇರಿಯಲ್ಲಿ ನಕ್ಷೆ ಬಿಡಿಸಿ ತೋರಿಸುತ್ತಾರೆ.
ನಕ್ಷೆಗೆ ಗೆದ್ದಲು ಹಿಡಿದು ಈಶಾನ್ಯದ ಮೂಲೆಯೇ ಇಲ್ಲ.
ನನ್ನನ್ನು ಕೇಳಿ:
ಸೆವ್ರಿನ್ ಬಾಯಿಯ ಅಡುಗೆಮನೆಯ ಹಿಂಬಾಗಿಲು ದಾಟಿ
ಹಲಸಿನ ಬೇರು ಎತ್ತಿ ಓರೆ ಮಾಡಿದ
ಗಡಿಕಲ್ಲಿನ ಹತ್ತಿರ.
ಅಲ್ಲಿಂದ ಆಚೆ ಪಂಚಾಯತು.
ಒಲೆ ಪುರಸಭೆಯದು, ಬಚ್ಚಲು ಗ್ರಾಮದ್ದು.

ಹದಿನೆಂಟು ವರ್ಷ ಬಿಲ್ಲು ಹಂಚಿದವಳು ನಾನು,
ಹೆಸರು ಜಲಜಾಕ್ಷಿ, ಹುದ್ದೆ ಕರವಸೂಲಿಗಾರ.
ಹೆಂಗಸಿಗೆ ಬೇರೆ ಪದ ಸರ್ಕಾರಕ್ಕಿನ್ನೂ ಹೊಳೆದಿಲ್ಲ.
ಕಾರ್ಕಳದಲ್ಲಿ ದಾರಿ ಅಂದರೆ ಒಂದೋ ಏರು, ಒಂದೋ ಇಳಿಜಾರು;
ಸಪಾಟು ನೆಲ ಬೇಕಾದರೆ
ಬಸ್ಸು ಹತ್ತಿ ಪಡುಬಿದ್ರಿಗೆ ಹೋಗಬೇಕು.

ಊರಿನ ಅರ್ಧ ಪಾದೆಕಲ್ಲು.
ಪಾದೆಗೆ ತೆರಿಗೆ ಇಲ್ಲ, ಓಟು ಇಲ್ಲ,
ಹಗಲಿಡೀ ಬಿಸಿಲು ನುಂಗಿ ರಾತ್ರಿಯಿಡೀ ಉಗುಳುತ್ತದೆ.
ಹಪ್ಪಳ ಒಣಗಿಸುವವರಿಗೆ ಮಾತ್ರ
ಅದರ ವಿಳಾಸ ಗೊತ್ತು.

ವಾಲ್ವಿನ ಇದ್ದಿನಬ್ಬ ನನಗಿಂತ ಹಳಬ.
ಅವನ ನಕ್ಷೆ ಇರುವುದು ಬಲಭುಜದಲ್ಲಿ:
ಪೇಟೆಗೆ ಹದಿನಾಲ್ಕು ಸುತ್ತು, ಆಸ್ಪತ್ರೆ ಕಡೆಗೆ ಒಂಬತ್ತು,
ಮೇಲಿನ ಪಾದೆಯ ಮನೆಗಳಿಗೆ ಪೂರ್ತಿ ತಿರುಗಿಸಿ, ಮತ್ತೆ
ಬೀಡಿ ಹಚ್ಚಿ ಕಾಯುವುದು.
"ನೀರಿಗೆ ದೊಡ್ಡವರು ಸಣ್ಣವರು ಅಂತ ಇಲ್ಲ ಮಾರಾಯ್ತಿ,
ಕೆಳಗಿನವರು ಮೇಲಿನವರು, ಅಷ್ಟೇ."
ಅಲ್ಲಿಗೆ ನೀರು ಮುಟ್ಟುವಾಗ ರಾತ್ರಿ ಎರಡೂವರೆ.
ಮೊದಲು ನಳ್ಳಿ ಕೆಮ್ಮುತ್ತದೆ,
ಆಮೇಲೆ ಅಪ್ಪಿಯಕ್ಕ ಕೆಮ್ಮುತ್ತಾಳೆ,
ಆಮೇಲೆ ಕೊಡದ ಸದ್ದು.
ಬಿಲ್ಲು ಮಾತ್ರ ಎಲ್ಲರಿಗೂ ಹಗಲಿನಲ್ಲೇ ಮುಟ್ಟುತ್ತದೆ,
ನನ್ನ ಕೈಯಲ್ಲಿ.

ಹೋದ ವರ್ಷ ಸುದ್ದಿಯೊಂದು ಎದ್ದಿತು:
ಸುತ್ತಲಿನ ಗ್ರಾಮ ಸೇರಿಸಿ ನಗರಸಭೆ ಮಾಡುವುದಂತೆ.
ಜನ ಸಾಲುವುದಿಲ್ಲ, ಎಣಿಸಿ ಬನ್ನಿ ಅಂದರು.
ಎಣಿಸಿದೆ.
ನೇಮಿರಾಜರ ಸೋಡಾ ಅಂಗಡಿಯ ಬೆಂಚಿನ ಮೇಲೆ ಕೂತವರು
ಎರಡು ವಾರ್ಡಿನಲ್ಲೂ ಲೆಕ್ಕಕ್ಕೆ ಸಿಕ್ಕಿದರು.
ಕೆತ್ತನೆಯ ಶೆಡ್ಡಿನಲ್ಲಿ
ಮೂಗು ಬಾರದ ನಾಲ್ಕು ವಿಗ್ರಹ ಗೋಡೆಗೊರಗಿ ನಿಂತಿದ್ದವು.
"ಇವರನ್ನೂ ಸೇರಿಸಿ, ಜನ ಆಗ್ತದೆ,"
ಅಂದ ದಾಮು ಆಚಾರಿ, ಉಳಿ ನಿಲ್ಲಿಸದೆ.

ಸೆವ್ರಿನ್ ಬಾಯಿ ಕೇಳಿದಳು: "ನನ್ನನ್ನು ಎಲ್ಲಿಗೆ ಬರೀತಿ?"
"ನೀವು ಮಲಗುವುದೆಲ್ಲಿ?"
"ಮಳೆಗಾಲದಲ್ಲಿ ಒಲೆಯ ಹತ್ತಿರ,
ಸೆಕೆಗೆ ಹಿಂದಿನ ಜಗಲಿಯಲ್ಲಿ."
ಆರು ತಿಂಗಳು ಪೇಟೆ, ಆರು ತಿಂಗಳು ಹಳ್ಳಿ.
ಅದಕ್ಕೆ ಫಾರಮ್ಮಿನಲ್ಲಿ ಕಾಲಂ ಇರಲಿಲ್ಲ.
ಬೆಲ್ಲ ಕೊಟ್ಟಳು, ನೀರು ಕೊಟ್ಟಳು.
ಬೆಲ್ಲ ಪುರಸಭೆಯ ಡಬ್ಬಿಯಿಂದ,
ನೀರು ಗ್ರಾಮದ ಬಾವಿಯಿಂದ.
ಅವಳ ಸಾಲಿನಲ್ಲಿ ನಾನು ಪೆನ್ಸಿಲ್ಲಿನಿಂದ ಬರೆದೆ.

ಅವಳ ಹಿತ್ತಿಲ ಗೇಟಿಗೆ ತಾಗಿ ನಮ್ಮ ಕೊನೆಯ ಕಂಬ.
ಅದರ ಬೆಳಕು ಹೇಳದೆ ಕೇಳದೆ
ಪಂಚಾಯತಿನೊಳಗೆ ನಲವತ್ತು ಹೆಜ್ಜೆ ಹೋಗುತ್ತದೆ.
ಒಮ್ಮೆ ಲೆಕ್ಕಪರಿಶೋಧನೆಯವರು ಕೆಂಪು ಶಾಯಿಯಲ್ಲಿ ಬರೆದರು:
ಬೆಳಕು ವ್ಯಾಪ್ತಿ ಮೀರಿದೆ, ಕ್ರಮ ಕೈಗೊಳ್ಳುವುದು.
ಒಂದು ತಗಡು ಕಟ್ಟಿಸಿದೆವು.
ಮೂರನೆಯ ದಿನಕ್ಕೆ ತಗಡು ಹಿಂದು ಮುಂದಾಗಿ
ಬೆಳಕು ಅತ್ತಲೇ ಇನ್ನೂ ಹೆಚ್ಚು.
ಆ ರಾತ್ರಿ ವಾಲ್ವಿನ ಕೋಣೆಯಲ್ಲಿ ಏಣಿ ಇರಲಿಲ್ಲ ಎಂಬುದನ್ನು
ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.

ಮೊನ್ನೆ ಸಂಜೆ ಕಡೆಯ ಬಿಲ್ಲು ಕೊಟ್ಟು ಅಲ್ಲಿ ನಿಂತಿದ್ದೆ.
ಮಳೆ ಬಿಟ್ಟು ಮೂಡಣದಲ್ಲಿ ಘಟ್ಟ
ಒಮ್ಮೆಗೇ ಹತ್ತಿರ ಬಂದಿತ್ತು,
ಕೈ ಚಾಚಿದರೆ ಸಿಗುವಷ್ಟು ನೀಲಿ.
ಕಂಬದಡಿ ಇಬ್ಬರು ಹುಡುಗಿಯರ ಶಟಲ್ ಆಟ,
ಒಬ್ಬಳು ಅಲ್ಲಿಯವಳು, ಒಬ್ಬಳು ಇಲ್ಲಿಯವಳು,
ನೆಟ್ಟಿಲ್ಲ, ನೆಟ್ಟಿನ ಜಾಗಕ್ಕೆ ಗಡಿಕಲ್ಲು.
ಕಾಕು ಗಾಳಿಗೆ ಸಿಕ್ಕಿ ತಿರುಗಿ
ನನ್ನ ಬಿಲ್ಲಿನ ಚೀಲಕ್ಕೆ ಬಿತ್ತು.
"ಅಕ್ಕ, ಇದು ಔಟಾ?"

ಕಲ್ಲು ಓರೆಯಾಗಿದೆ.
ಹೇಗೆ ಹೇಳಲಿ.